ವಳಸಂಗದ ಅಕ್ಕನಿಗೆ ಜಾಮೀನು

ಕಾನೂನು ಓದುತ್ತಿದ್ದಾಗ ಸಾಂಗಲಿಯ ಜೈಲಿಗೆ ಇಂಟರ್ನ್‌ಶಿಪ್ಪಿಗೆ ಹೋಗುತ್ತಿದ್ದೆ. ವಕೀಲರನ್ನು ಹಿಡಿಯಲಾಗದ ಕೈದಿಗಳಿಗೆ ಸರ್ಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಅಂಥ ಒಬ್ಬ ವಕೀಲಬಾಯಿಯ ಕೈಕೆಳಗೆ ಕೈದಿಗಳನ್ನು ಮಾತಾಡಿಸಿ ವಿವರ ತಿಳಿದುಕೊಳ್ಳುವುದು ನಮ್ಮ ಕೆಲಸ. ನಮ್ಮ ಎಂದರೆ ನಾನು ಮತ್ತು ಪುಣೆಯ ಒಬ್ಬ ಹುಡುಗಿ. ಅವಳನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಅವಳ ಇಂಗ್ಲಿಷು, ಅವಳ ಇಸ್ತ್ರಿ ಕೆಡದ ಕುರ್ತಾ, ವಕೀಲಬಾಯಿ ಎಲ್ಲದಕ್ಕೂ ಮೊದಲು ಅವಳ ಮುಖ ನೋಡುವುದು, ಇಷ್ಟನ್ನೂ ಸಹಿಸಿದ್ದೆ. ಸಾಂಗಲಿ ಜಿಲ್ಲೆಯಲ್ಲೇ ಇದ್ದರೂ ಕನ್ನಡ ಮಾತಾಡುವ ನಮ್ಮ ಜತ್ತ ಕಡೆಯವರು ಯಾರಾದರೂ ಬರಲಿ, ಆಗ ನೋಡೋಣ ಎಂದುಕೊಂಡಿದ್ದೆ. ಕನ್ನಡ ನನ್ನದು, ತಾಲೂಕು ನನ್ನದು.

ಬಂದೇ ಬಂದಳು ಒಬ್ಬಾಕೆ. ವಳಸಂಗದವಳು ಎನ್ನೋಣ; ಊರುಗಳನ್ನು ಅದಲುಬದಲು ಮಾಡಿದ್ದೇನೆ, ಅಷ್ಟು ನಿಯತ್ತು ನನಗಿದೆ. ಸಾಂಗಲಿಯಲ್ಲಿ ಮನೆಗೆಲಸಕ್ಕಿದ್ದಳು. ಆ ಮನೆಯ ಬಂಗಾರದ ಸರ ಕಳೆದು ಆರೋಪ ಇವಳ ತಲೆಗೆ ಬಂದಿತ್ತು. ಜಾಮೀನು ಮಂಜೂರಾಗಿದ್ದರೂ ಒಳಗೇ ಇದ್ದಳು, ಏಕೆಂದರೆ ಹೊಲದ ಉತಾರ, ಅಂದರೆ ಪಹಣಿ, ಹಿಡಿದು ಬಂದು ಅವಳ ಪರವಾಗಿ ನಿಲ್ಲುವ ಜಾಮೀನುದಾರ ಇರಲಿಲ್ಲ. ಯಾರನ್ನು ಕರೆಸೋಣ ಎಂದರೆ ಬಾಯಿ ಬಿಡುತ್ತಿರಲಿಲ್ಲ.

ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಊರು, ಆಮೇಲೆ ಯಾರ ಪೈಕಿ ಎಂಬುದು. ನಂಟು ಹಚ್ಚಿದ ಮೇಲೆಯೇ ಉಳಿದ ಮಾತು. ನಾನೂ ಹಾಗೇ ಶುರುಮಾಡಿದೆ.

“ವಳಸಂಗದಾಗ ಯಾರ ಪೈಕಿರಿ ಅಕ್ಕಾರ? ನಾ ಬಾಲಗಾಂವದಾಕಿ. ನಮ್ಮತ್ತೀನ್ನ ನಿಮ್ಮ ಊರಿಗೇ ಕೊಟ್ಟೇವಿ.”

ಆಕೆ ಸೆರಗು ಮುಂದೆಳೆದುಕೊಂಡಳು. “ನನಗ ಯಾರೂ ಗೊತ್ತಿಲ್ಲ ತಂಗಿ,” ಎಂದಳು. ಅಷ್ಟೇ.

ಮರುದಿನ ಪುಣೆಯ ಹುಡುಗಿ ಹೋಗಿ ಕುಳಿತಳು. ವಳಸಂಗ ಎಲ್ಲಿ ಬರುತ್ತದೆ, ಕರ್ನಾಟಕದಲ್ಲೋ ಎಂದು ಮರಾಠಿಯಲ್ಲಿ ಕೇಳಿದಳು. ಆಕೆ ನಕ್ಕದ್ದು ಬಾಗಿಲ ಬಳಿ ಇದ್ದ ನನಗೆ ಕೇಳಿಸಿತು. ನಗುತ್ತಲೇ ಅತ್ತಳು, ಅಳುತ್ತಲೇ ಎಲ್ಲ ಹೇಳಿದಳು. ಮಗಳಿಗೆ ಗಂಡು ಗೊತ್ತಾಗುತ್ತಿದೆ. ಊರಲ್ಲಿ ಎಲ್ಲರೂ ತನಗೆ ಮನೆಗೆಲಸದಿಂದ ರಜೆ ಸಿಕ್ಕಿಲ್ಲ ಎಂದುಕೊಂಡಿದ್ದಾರೆ. ಜೈಲಿನ ಸುದ್ದಿ ಮುಟ್ಟಿದರೆ ಸಂಬಂಧ ಮುರಿಯುತ್ತದೆ. ಅಸಂಗಿಯಲ್ಲಿ ಅಣ್ಣನಿದ್ದಾನೆ, ಅವನೊಬ್ಬನಿಗೇ ಹೇಳಬೇಕು.

ನಂಟು ನನ್ನ ಊರಿನದು, ಕಣ್ಣೀರು ಪುಣೆಯವಳ ಪಾಲಿಗೆ. ಅಂದು ಅವಳು ತಂದ ಚಹಾವನ್ನೂ ನಾನು ಮುಟ್ಟಲಿಲ್ಲ.

ಆದರೂ ಅಣ್ಣನ ಬಳಿಗೆ ನನ್ನನ್ನೂ ಕಳಿಸಬೇಕಾಯಿತು. ಅವನ ಮರಾಠಿ ಬಾಜಾರಕ್ಕೆ ಸಾಕು. ತಂಗಿ ಜೈಲಿನಲ್ಲಿದ್ದಾಳೆ ಎಂಬ ಮಾತನ್ನು ಕನ್ನಡದಲ್ಲೇ ಹೇಳಬೇಕು ಎಂದರು ವಕೀಲಬಾಯಿ. ವಳಸಂಗದಾಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ, ನಾನು ನನ್ನ ಊರು ಹೇಳಕೂಡದು. ಸುದ್ದಿ ಹರಡೀತೆಂದು ಅಣ್ಣನೂ ಅಂಜುತ್ತಾನಂತೆ.

ಹೊಲದ ಬದುವಿನ ಮೇಲೆ ನಿಂತು ಅವನಿಗೆ ಎಲ್ಲ ಹೇಳಿದೆ. ಅವನು ನನ್ನನ್ನೇ ನೋಡಿದ.

“ಕನ್ನಡ ಚಲೋ ಮಾತಾಡ್ತಿ. ಯಾವ ಊರವ್ವಾ, ಯಾರ ಪೈಕಿ?”

“ಸಾಂಗಲಿಯಾಕೀರಿ. ಈ ಕಡಿ ನಮ್ಮವ್ರು ಯಾರೂ ಇಲ್ರಿ.”

ಅದೇ ತಾಲೂಕಿನಲ್ಲಿ ನನ್ನವ್ವ ಆ ಹೊತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಪುಣೆಯ ಹುಡುಗಿ ತನ್ನ ಊರು, ಓಣಿ, ತಂದೆಯ ಕೆಲಸ ಎಲ್ಲ ಹೇಳಿ ಆರಾಮಾಗಿ ನೀರು ಕುಡಿದಳು.

ಅಣ್ಣ ಬಂದು ಜಾಮೀನು ನಿಂತ. ಹೊರಬಂದ ದಿನ ಆಕೆ ಪುಣೆಯವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು, ಮಗಳ ಮದುವೆಗೆ ಬರಲೇಬೇಕೆಂದು ಮರಾಠಿಯಲ್ಲಿ ಆಣೆ ಮಾಡಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಭಾಳ ಉಪಕಾರ ಆತು ತಂಗಿ. ನೀ ಮಾತ್ರ ಬರಬ್ಯಾಡ. ಎಲ್ಲ್ಯರ ಎದುರಿಗಿ ಬಂದ್ರ ಗುರ್ತಿಲ್ಲದಾಂಗ ಹೋಗು.”

“ಹೂಂನ್ರಿ ಅಕ್ಕಾರ,” ಎಂದೆ.

ಮದುವೆ ಗೊತ್ತಾಯಿತು. ನಮ್ಮ ಮನೆಗೂ ಆಮಂತ್ರಣ ಬಂತು, ಹೇಗೋ ನಂಟು ಇದ್ದೇ ಇತ್ತು. ಅವ್ವ ಇಳಕಲ್ ಸೀರೆ ಉಟ್ಟು, ಲಗೂನ ತಯಾರಾಗು ಎಂದಳು. ನಾನು ತಲೆನೋವೆಂದು ಮುಸುಕು ಹೊದ್ದು ಮಲಗಿದೆ. ಪುಣೆಯವಳು ಅಷ್ಟು ಹೊತ್ತಿಗೆ ಬಸ್ಸು ಇಳಿದಿರಬೇಕು.