ಪರದೆ ಮುಚ್ಚಿದರೆ ಅಂಗಡಿ ತೆರೆದಂತೆ

ನಮ್ಮ ಬೀದಿಯಲ್ಲಿ ಎಲ್ಲರೂ ಬಾಗಿಲು ತೆರೆದು ವ್ಯಾಪಾರ ಮಾಡುತ್ತಾರೆ. ಕತ್ತರಿಯಕ್ಕ ಮಾತ್ರ ಮುಚ್ಚಿಕೊಂಡು. ಹೆಂಗಸರಿಗೂ ಮಕ್ಕಳಿಗೂ ಕೂದಲು ಕತ್ತರಿಸುವುದು ಅವಳ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ, ಅದರ ಮೂಲೆಯಲ್ಲೇ ಮಗುವಿನ ಮಂಚ. ಗಂಡ ಬೆಳಕು ಹರಿಯುವ ಮೊದಲೇ ಬಸ್ ಓಡಿಸಲು ಹೋಗುತ್ತಾನೆ. ಅತ್ತೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆದು ಮನೆ ಸೇರುವುದು ಕತ್ತಲಾದ ಮೇಲೆ. ಹಾಗಾಗಿ ಮಗ ಗುಂಡ ಮಲಗಿದಾಗಷ್ಟೇ ಅವಳ ಕತ್ತರಿಗೆ ಕೆಲಸ.

ಅವನು ಮಲಗಿದ ಕೂಡಲೇ, ಬೆಳಕು ಕಣ್ಣಿಗೆ ಬೀಳದಂತೆ ಬಾಗಿಲಿಗೆ ನೀಲಿ ಪರದೆ ಎಳೆಯುತ್ತಾಳೆ. ಪರದೆ ಮುಚ್ಚಿದೆ ಅಂದರೆ ಅಂಗಡಿ ತೆರೆದಿದೆ ಅಂತ ಬೀದಿಗೆಲ್ಲ ಗೊತ್ತು. ಚಪ್ಪಲಿ ಹೊರಗೆ ಬಿಟ್ಟು, ಬೆಕ್ಕಿನ ಹೆಜ್ಜೆ ಇಟ್ಟು ಒಳಗೆ ಹೋಗಬೇಕು. ಎಷ್ಟು ಗಿಡ್ಡ ಬೇಕು ಅನ್ನುವುದನ್ನೂ ಬೆರಳಲ್ಲೇ ತೋರಿಸಬೇಕು. ನನ್ನಂಥ ಬಾಯಿಬಡುಕಿಗೆ ಅದೊಂದು ಶಿಕ್ಷೆ.

ಎದುರಿಗೇ ನನ್ನ ಕನ್ನಡಕದಂಗಡಿ. ಇನ್ನೊಬ್ಬರ ವಿಷಯಕ್ಕೆ ಮೂಗು ತೂರಿಸಬೇಡ ಅಂತ ನನ್ನ ಗಂಡ ಹೇಳುತ್ತಲೇ ಇರುತ್ತಾರೆ. ಕಣ್ಣೆದುರು ಇರುವುದನ್ನು ನೋಡದೆ ಇರಲು ಕನ್ನಡಕ ಮಾರುವವಳಿಗೆ ಆಗುತ್ತದೆಯೇ?

ವರ್ಷ ತುಂಬಿದ್ದೇ ತಡ, ಗುಂಡ ಬೆಳಗಿನ ನಿದ್ದೆಗೆ ಮುಷ್ಕರ ಹೂಡಿದ. ಹೆಗಲ ಮೇಲೆ ಹಾಕಿ ತಟ್ಟಿದಳು, ಜೋಗುಳ ಹಾಡಿದಳು, ಗದರಿದಳು. ಜಪ್ಪಯ್ಯ ಅಂದರೂ ಮಲಗಲಿಲ್ಲ. ಮಂಚದ ಕಂಬಿ ಹಿಡಿದು ನಿಂತು ಕೇಕೆ ಹಾಕುತ್ತಿದ್ದ. ಆಮೇಲೆ ಮಲಗುವುದೂ ಹೊತ್ತಲ್ಲದ ಹೊತ್ತಿನಲ್ಲಿ, ಬಾಯಲ್ಲಿ ತುತ್ತು ಇಟ್ಟುಕೊಂಡೇ. ಬೆಳಿಗ್ಗೆ ಬಂದ ಗಿರಾಕಿಗಳು ತೆರೆದ ಪರದೆ ನೋಡಿ ಹಾಗೇ ಮುಂದೆ ಹೋಗತೊಡಗಿದರು.

"ಹೋದ ವರ್ಷದ ಅಂಗಿ ಈಗ ಹಿಡಿಸಲ್ಲ, ನಿದ್ದೆ ಮಾತ್ರ ಹಳೇದೇ ಇರ್ಬೇಕಾ?" ಅಂದರಂತೆ ಅತ್ತೆ.

"ಅಂಗಿ ಬೇರೆ ತರಬಹುದು ಅತ್ತೆ, ಬೇರೆ ನಿದ್ದೆ ಎಲ್ಲಿಂದ ತರ್ಲಿ?"

ಕೊನೆಗೆ ಎಡವಟ್ಟಾಗಿದ್ದು ನನ್ನ ತಲೆಯ ಮೇಲೆಯೇ. ಅಪರೂಪಕ್ಕೆ ಒಂದು ಬೆಳಿಗ್ಗೆ ಪರದೆ ಮುಚ್ಚಿದ್ದು ಕಂಡು ಓಡಿಹೋಗಿ ಕೂತೆ. ಬಲಗಡೆ ಕಿವಿಯವರೆಗೆ ಕತ್ತರಿಸಿದ್ದಳು, ಎಡಗಡೆ ಇನ್ನೂ ಭುಜದ ಮೇಲಿತ್ತು. ಅಷ್ಟರಲ್ಲಿ ಗುಂಡ ಎದ್ದು ಸೂರು ಹಾರುವಂತೆ ಕಿರುಚಿದ.

"ಅಕ್ಕಾ, ನಾಳೆ ಬರ್ತೀರಾ?"

"ಅರ್ಧ ತಲೇಲಿ ನಾಳೆವರೆಗೆ ಹೇಗಮ್ಮ ಇರೋದು?" ಅಂದು ನಕ್ಕೆ. ಅವಳು ನಗಲಿಲ್ಲ. ಕಣ್ಣು ತುಂಬಿಕೊಂಡಿತ್ತು.

"ದೊಡ್ಡ ರಸ್ತೆ ಸಲೂನಿನ ಯಜಮಾನ್ರು ಈ ಕುರ್ಚಿ ಕೇಳ್ತಾನೇ ಇದ್ರು. ನಾಳೆ ಮಧ್ಯಾಹ್ನ ಬಂದು ತಗೊಂಡು ಹೋಗಿ ಅಂತೀನಿ. ಸಾಕಾಯ್ತು."

ಏರಿಸಿ ಇಳಿಸುವ ಆ ಕುರ್ಚಿಯನ್ನು ಅವಳು ಬಸುರಿಯಾಗಿದ್ದಾಗ ಕೊಂಡಿದ್ದಳು. ಅದು ಹೋದರೆ ಅಂಗಡಿಯೂ ಹೋದಂತೆಯೇ.

ಮಾರನೆಯ ದಿನ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಎದುರುಮನೆಯನ್ನೇ ನೋಡುತ್ತಾ ಕೂತೆ. ಹೇಗೂ ಅಂಗಡಿಯಿಲ್ಲ ಅಂತ ಅವಳು ಗುಂಡನನ್ನು ಮಲಗಿಸುವ ಗೋಜಿಗೇ ಹೋಗಲಿಲ್ಲ. ಕುರ್ಚಿ ಒರೆಸುತ್ತಿದ್ದಳು, ಅವನು ಬಾಚಣಿಗೆಗಳನ್ನೆಲ್ಲ ನೆಲಕ್ಕೆ ಸುರಿದು ಮೆರೆಯುತ್ತಿದ್ದ. ಊಟದ ಹೊತ್ತಿಗೆ ಟವೆಲ್ ರಾಶಿಗೆ ಒರಗಿದವನು ತಾನಾಗಿಯೇ ನಿದ್ದೆ ಹೋದ. ಅವಳು ಎತ್ತಿ ಮಂಚದಲ್ಲಿ ಮಲಗಿಸಿ, ಅಭ್ಯಾಸಬಲದಿಂದ ಪರದೆ ಎಳೆದಳು.

ನನಗೆ ಅಷ್ಟೇ ಬೇಕಿತ್ತು. ಅಂಗಡಿಯನ್ನು ಗಂಡನಿಗೆ ಬಿಟ್ಟು ಓಡಿದೆ.

"ಅಂಗಡಿ ಇಲ್ಲ ಅಕ್ಕ, ಕುರ್ಚಿಗೆ ಬರ್ತಾರೆ," ಎಂದು ಪಿಸುಗುಟ್ಟಿದಳು.

"ಬರೋವರೆಗೆ ನನ್ನ ಎಡಗಡೆ ಮುಗ್ಸು."

ಮುಗಿಸುವಷ್ಟರಲ್ಲಿ ಊಟದ ಬಿಡುವಿಗೆ ಹೊರಬಂದಿದ್ದ ಬ್ಯಾಂಕಿನ ಹುಡುಗಿ ಪರದೆ ಸರಿಸಿ ಒಳಗೆ ಬಂದಳು. ಅವಳ ಹಿಂದೆಯೇ ಔಷಧದಂಗಡಿಯ ಅಮ್ಮ. ಬೆಳಿಗ್ಗೆ ಬರಲಾಗದವರೆಲ್ಲ ಈಗ ಬಂದರು. ಒಬ್ಬೊಬ್ಬರೇ ಕೂತು ಎದ್ದರು. ಗುಂಡ ಮಾತ್ರ ಮಗ್ಗುಲು ಸಹ ಬದಲಿಸಲಿಲ್ಲ.

"ನಾಳೇನೂ ಹೀಗೇ ಮಲಗ್ತಾನಾ ಅಕ್ಕ?"

"ಬೆಳಗಿನ ನಿದ್ದೇನೂ ಸೇರಿಸಿ ಮಧ್ಯಾಹ್ನಕ್ಕೇ ಇಟ್ಕೊಂಡಿರ್ಬೇಕು ನಿನ್ನ ಮಗ. ನೀನೂ ಅವನ ಜೊತೆ ಹೊತ್ತು ಬದಲಿಸು."

ಅಷ್ಟರಲ್ಲಿ ಅವಳ ಫೋನು ಗುಂಯ್‌ಗುಟ್ಟಿತು. ಸಲೂನಿನ ಯಜಮಾನರ ಗಡಸು ದನಿ ನನಗೂ ಕೇಳಿಸಿತು.

"ಏನಮ್ಮಾ, ಬರೋಕೆ ಹೇಳಿ ಅಂಗಡಿ ಮುಚ್ಚಿದ್ದೀರಲ್ಲ? ಪರದೆ ನೋಡಿ ವಾಪಸ್ ಬಂದೆ."

ಅವಳು ಮಂಚದ ಕಡೆ ನೋಡಿದಳು, ನೆಲದ ತುಂಬ ಬಿದ್ದಿದ್ದ ಕೂದಲು ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು.

"ತೆರೆದೇ ಇತ್ತು ಸಾರ್. ಕುರ್ಚಿ ಕೊಡಲ್ಲ."

"ಏನು? ಕೇಳಿಸ್ತಿಲ್ಲ, ಸ್ವಲ್ಪ ಜೋರಾಗಿ ಹೇಳಿ!"

"ಜೋರಾಗಿ ಹೇಳೋಕಾಗಲ್ಲ ಸಾರ್," ಅಂದಳು ಅವಳು, ಇನ್ನೂ ಮೆಲ್ಲಗೆ. "ಮಗು ಮಲಗಿದೆ."