ಮಾಸ್ತರರ ಹಿಂದೆ ಖೋಲಿಯಿಂದ ಖೋಲಿಗೆ

ಆಳಂದದಿಂದ ಜೇವರ್ಗಿಗೆ ಹೋಗಬೇಕೆಂದರೆ ಕಲಬುರಗಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಒಂದು ತಾಸಿನ ಸಭೆಗೆ ಇಡೀ ದಿನ ಹಾಳು. ಅದಕ್ಕೇ ನಾನು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಒಂದಷ್ಟು ಶಿಕ್ಷಕರನ್ನು ತಿಂಗಳಿಗೊಮ್ಮೆ ಫೋನಿನ ಪರದೆಯ ಮೇಲೆಯೇ ಸೇರಿಸತೊಡಗಿದೆ. ನನ್ನ ಕೆಲಸ ಶಿಕ್ಷಕರಿಗೆ ತರಬೇತಿ ಕೊಡುವುದು. ನನ್ನ ಸ್ವಭಾವ, ಹೇಳಿದ್ದು ನಡೆಯದಿದ್ದರೆ ಸಿಡಿಮಿಡಿಗೊಳ್ಳುವುದು. ಎರಡೂ ಒಟ್ಟಿಗೇ ನಡೆದುಕೊಂಡು ಬಂದಿವೆ.

ಏರ್ಪಾಡು ಸರಳ. ತಮ್ಮ ವರ್ಗದಲ್ಲಿ ಏನನ್ನು ಪರೀಕ್ಷಿಸಿ ನೋಡಿದರು, ಏನು ಕಂಡಿತು ಎಂಬುದನ್ನು ಶಿಕ್ಷಕರು ಒಂದೇ ಪುಟದ ಪೋಸ್ಟರ್ ಮಾಡಬೇಕು. ಪೋಸ್ಟರಿಗೊಂದರಂತೆ ಪರದೆಯ ಮೇಲೆ ಬೇರೆ ಬೇರೆ ಕೋಣೆ, ನಮ್ಮ ಮಾತಿನಲ್ಲಿ ಖೋಲಿ. ಪೋಸ್ಟರಿನವರು ಅಲ್ಲಿ ಕೂಡಬೇಕು; ಉಳಿದವರು ಗುಂಡಿ ಒತ್ತಿ ಬೇಕಾದ ಖೋಲಿಗೆ ಹೋಗಿ, ನೋಡಿ, ಕೇಳಿ, ಮುಂದಿನದಕ್ಕೆ ಹೋಗಬೇಕು. ಸಂತೆಯಲ್ಲಿ ಬದನೆಕಾಯಿ ನೋಡಿ ಬರುವವರಿಗೆ ಇದನ್ನೇನು ಕಲಿಸುವುದು ಎಂದುಕೊಂಡಿದ್ದೆ.

ಮೊದಲ ಸಲ ಯಾರೂ ಕದಲಲಿಲ್ಲ. ಪೋಸ್ಟರಿನವರು ತಮ್ಮ ತಮ್ಮ ಖೋಲಿಯಲ್ಲಿ ಒಬ್ಬೊಬ್ಬರೇ ಕುಳಿತರು. ನೋಡಬೇಕಾದವರೆಲ್ಲ ಸ್ವಾಗತ ಹೇಳಿದ ದೊಡ್ಡ ಖೋಲಿಯಲ್ಲೇ ಉಳಿದರು. ಹೋಗಿರಿ ಎಂದೆ. ಬೇಡಿಕೊಂಡೆ. ಕೊನೆಗೆ ಬೈದೆ. ಆಗ ಖಜೂರಿಯ ಶಿಕ್ಷಕರೊಬ್ಬರು, "ಮಾಸ್ತರ್ರು ಕುಂತಾರಲ್ರಿ ಮೇಡಂ, ನಾವು ಹೆಂಗ ಏಳೋದ್ರಿ?" ಎಂದರು. ಹಾಗೆನ್ನುವಾಗ ಅವರು ತಮ್ಮ ಮನೆಯ ಮಂಚದ ಮೇಲೆ ಬನಿಯನ್ನಿನಲ್ಲಿ ಒರಗಿದ್ದರು.

ಮಾಸ್ತರರು ಎಂದರೆ ಅಫಜಲಪುರದ ನಿವೃತ್ತ ಶಿಕ್ಷಕರು; ಮುಖ್ಯ ಅತಿಥಿಯೆಂದು ಅವರನ್ನು ಕರೆದವಳು ನಾನೇ. ಅವರ ಸಾಮೂಹಿಕ ಓದು ಆ ಕಡೆಯೆಲ್ಲ ಹೆಸರುವಾಸಿ. ಅವರು ಒಂದು ಸಾಲು ಓದಿದರೆ ಇಡೀ ವರ್ಗ ಒಂದೇ ದನಿಯಲ್ಲಿ ತಿರುಗಿ ಹೇಳಬೇಕು. ನಮ್ಮ ಸಭೆಯಲ್ಲಿ ಅರ್ಧ ಜನ ಅವರ ಕೈಯಲ್ಲಿ ಕಲಿತವರು, ಇನ್ನರ್ಧ ಅವರ ಹಾಗೆ ಕಲಿಸುವವರು. ಸರಿ, ಮುಂದಿನ ತಿಂಗಳು ಮೊದಲು ಮಾಸ್ತರರನ್ನೇ ಎಬ್ಬಿಸುವುದೆಂದು ನಿಶ್ಚಯಿಸಿ, ಎಲ್ಲರಿಗೂ ತಿಳಿಸಿದೆ.

ಆ ಸಭೆಯ ಹಿಂದಿನ ದಿನ ಒಬ್ಬ ಶಿಕ್ಷಕಿ ಫೋನ್ ಮಾಡಿದಳು. ಅಫಜಲಪುರದವಳು, ಈಗ ಅಂದೋಲಾ ಹತ್ತಿರದ ಶಾಲೆಯಲ್ಲಿದ್ದಾಳೆ. ಮೊದಲ ಸಲ ತನ್ನ ಖೋಲಿಯಲ್ಲಿ ಪೋಸ್ಟರ್ ಹಿಡಿದು ಒಬ್ಬಳೇ ಕುಳಿತಿದ್ದವರಲ್ಲಿ ಅವಳೂ ಒಬ್ಬಳು.

"ಮಾಸ್ತರ್ರು ನನ್ನ ಖೋಲಿಗೆ ಬರದಂಗ ಮಾಡ್ರಿ ಮೇಡಂ. ಉಳದವ್ರು ಬಂದು ನೋಡ್ಲಿ. ನಮ್ಮಪ್ಪ ನನ್ನ ಸಾಲಿ ಬಿಡಸಿ ಕೂಲಿಗೆ ಹಚ್ಚೋಂವ ಇದ್ದ. ಬ್ಯಾಡಂತ ತಡದವ್ರು ಅವರು. ಅವರ ಮನಸ ನೋಯ್ತದ್ರಿ."

ಅವಳ ಪೋಸ್ಟರ್ ಸಾಮೂಹಿಕ ಓದಿನ ಬಗ್ಗೆಯೇ ಇತ್ತು. ಮಕ್ಕಳು ಒಟ್ಟಾಗಿ ಓದುವಾಗ ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿಗೊಟ್ಟು ನಿಂತಿದ್ದಳು. ಎಷ್ಟೋ ಮಕ್ಕಳು ಬರೀ ತುಟಿ ಆಡಿಸುತ್ತಿದ್ದರು. ಅವರನ್ನು ಒಬ್ಬೊಬ್ಬರನ್ನಾಗಿ ಓದಿಸಿದರೆ ಒಂದು ಸಾಲೂ ಬರುತ್ತಿರಲಿಲ್ಲ. ನನ್ನ ಕೈಗೆ ಬಂದ ಪೋಸ್ಟರುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಅದೇ. ಮಾಸ್ತರರು ಎರಡು ಖೋಲಿ ನೋಡಿ ಮಲಗಲು ಹೋಗುತ್ತಾರೆ, ಹೆದರಬೇಡ ಎಂದೆ.

ಮರುದಿನ ಮಾಸ್ತರರು ಎದ್ದರು. ಎಲ್ಲರೂ ಎದ್ದರು. "ನಮ್ಮ ಹುಡಗಿ ಯಾವ ಖೋಲ್ಯಾಗ ಅದಾಳ?" ಎಂದು ಕೇಳಿ ಅವರು ನೇರ ಅಲ್ಲಿಗೇ ಹೋದರು. ಇಡೀ ಸಭೆ ಅವರ ಹಿಂದೆಯೇ ಹೋಯಿತು.

ಅವಳು ನೆಲ ನೋಡುತ್ತ ಹೇಳಿದಳು. ಆದರೆ ಕಂಡದ್ದರಲ್ಲಿ ಏನನ್ನೂ ಬಿಡಲಿಲ್ಲ.

"ಇಷ್ಟ ಮಂದ್ಯಾಗ ಯಾರ್ಯಾರೋ ತುಟಿ ಅಷ್ಟ ಆಡಸ್ತಾರಂತ ನಿನಗ ಹೆಂಗ ಸಂಶೆ ಬಂತು?" ಎಂದರು ಮಾಸ್ತರರು.

"ನಾನೂ ಹಂಗ ಮಾಡತಿದ್ದೆ ಸರ್. ನಿಮ್ಮ ಕ್ಲಾಸಿನ್ಯಾಗ."

ಅಷ್ಟರಲ್ಲಿ ಮಾಸ್ತರರ ಮನೆಯಲ್ಲಿ ಮಿಕ್ಸರ್ ಶುರುವಾಯಿತು. ಸೊಸೆಯ ಕೈಯೊಂದು ಬಂದು ಅವರ ಮೈಕು ಬಂದ್ ಮಾಡಿ ಹೋಯಿತು. ಮಾಸ್ತರರು ಏನೋ ಕೇಳಿದರು. ದನಿಯೇ ಬರಲಿಲ್ಲ. ಎಲ್ಲರೂ ತಲೆಯಾಡಿಸಿದರು. ಒಬ್ಬರು "ಭಾಳ ಛಲೋ ಹೇಳಿದ್ರಿ ಸರ್" ಎಂದರು.

"ಸರ್, ನಿಮ್ಮ ದನಿ ಬರವಲ್ದು," ಎಂದವಳು ಅವಳೊಬ್ಬಳೇ.

ಮೈಕು ಹಚ್ಚಿಕೊಂಡು ಮಾಸ್ತರರು ಮತ್ತೆ ಕೇಳಿದರು: "ನಿಮ್ಮಪ್ಪಗ ಆವಾಗ ನಾ ಏನಂತ ಹೇಳಿದ್ದೆ?"

"ಹುಡಗಿ ಭಾಳ ಛಂದ ಓದತಾಳ, ಸಾಲಿ ಬಿಡಸಬ್ಯಾಡ ಅಂದಿದ್ರಿ."

"ನಿನಗ ಓದಾಕ ಬರತಿತ್ತೇನು?"

"ಇಲ್ರಿ."

ಮಾಸ್ತರರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಇಂಥ ಸಭೆ ಯಾಕಾದರೂ ಮಾಡಿದೆನೋ ಎಂದು ನನಗೆ ಸಂಕಟವಾಯಿತು.

"ಅಂದ್ರ ನಾ ಹೇಳಿದ್ದು ಸುಳ್ಳಾತಲ್ಲ."

"ಹೌದ್ರಿ ಸರ್," ಎಂದಳು. "ನಮ್ಮಪ್ಪ ಅದನ್ನ ಖರೇ ಅಂತ ನಂಬಿದನ್ರಿ. ಅದಕ್ಕ ಸಾಲಿ ಬಿಡಸಲಿಲ್ಲ."