ಹೊಂಗನೂರು ರಸ್ತೆಯಲ್ಲಿ ಹಾಸಿದ್ದ ರಾಗಿ

ಜನವರಿಯ ಒಂದು ಗುರುವಾರ, ಮಧ್ಯಾಹ್ನದ ಊಟ ಮುಗಿಸಿ ಮೈಸೂರಿನಿಂದ ಹೊರಟೆವು. ಕಾರು ಸುಧೀಂದ್ರನದು. ಅದರ ನೆತ್ತಿಯ ಮೇಲೆ ನಮ್ಮಿಬ್ಬರ ಸೈಕಲ್‌ಗಳನ್ನು ಬಿಗಿದಿದ್ದೆವು. ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ ಮೂರನ್ನೂ ಬಿಡುವಿಲ್ಲದೆ ಮುಗಿಸುವ ಸ್ಪರ್ಧೆ. ನಾವಿಬ್ಬರೂ ಮೂರು ವರ್ಷಗಳಿಂದ ಒಂದೇ ಕೊಳದಲ್ಲಿ ಈಜಿ, ಒಂದೇ ರಿಂಗ್ ರಸ್ತೆಯಲ್ಲಿ ಸೈಕಲ್ ತುಳಿದವರು. ರಾಮನಗರದ ಬಂಡೆಗಳ ಹಿಂದೆ, ತೋಟದ ನಡುವಿನ ರೆಸಾರ್ಟೊಂದರಲ್ಲಿ ಈ ಸ್ಪರ್ಧೆಗೆಂದೇ ನಾಲ್ಕು ದಿನಗಳ ತರಬೇತಿ ಶಿಬಿರವಿತ್ತು.

ಶಿಬಿರದವರು ಮೊದಲೇ ಹೇಳಿದ್ದ ಮಾತು ಒಂದು: ಹೊಸದೇನನ್ನೂ ತರಬೇಡಿ. ಕಾಲಿಗೆ ಪಳಗಿದ ಶೂ, ಹೊಟ್ಟೆಗೆ ಒಗ್ಗಿದ ತಿಂಡಿ, ತಿಂಗಳುಗಟ್ಟಲೆ ತುಳಿದ ಸೈಕಲ್, ಇಷ್ಟೇ ಇರಲಿ. ಒಳ್ಳೆಯ ಸಲಹೆ, ಹೋಗುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ನಾನು ಹಳೆಯ ಶೂ, ಹುರಿಗಡಲೆ, ಬೆಲ್ಲ ಕಟ್ಟಿಕೊಂಡಿದ್ದೆ. ಸುಧೀಂದ್ರ ಮಾತ್ರ ಹಿಂದಿನ ಭಾನುವಾರವಷ್ಟೇ ಸೈಕಲ್ಲಿಗೆ ಏರೋಬಾರ್ ಹಾಕಿಸಿದ್ದ. ಅವು ಹ್ಯಾಂಡಲ್ಲಿನಿಂದ ಮುಂದಕ್ಕೆ ಚಾಚಿದ ಎರಡು ಸಲಾಕೆಗಳು. ಮೊಣಕೈ ಊರಿ, ಸಲಾಕೆಗಳ ತುದಿ ಹಿಡಿದು ಬಗ್ಗಿದರೆ ಗಾಳಿಯ ತಡೆ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ಬ್ರೇಕು ಮಾತ್ರ ಹಿಂದೆ, ಹ್ಯಾಂಡಲ್ಲಿನಲ್ಲೇ ಉಳಿಯುತ್ತದೆ.

ಮದ್ದೂರಿನಲ್ಲಿ ಕಾಫಿ ಕುಡಿಯುವಾಗ ಅದರ ಬಗ್ಗೆ ಕೇಳಿದೆ. "ಅಭ್ಯಾಸ ಮಾಡೋಕೆ ತಾನೇ ಕ್ಯಾಂಪಿರೋದು?" ಎಂದ. ಬಿಲ್ಲನ್ನು ಅವನೇ ಕೊಟ್ಟ. ಯಾವಾಗಲೂ ಹಾಗೆಯೇ.

ಸಂಜೆ ಕೋಚ್ ವಿವೇಕ್ ಎಲ್ಲರನ್ನೂ ಹುಲ್ಲಿನ ಮೇಲೆ ಕೂರಿಸಿಕೊಂಡು ನಿಯಮ ಹೇಳಿದ. ಬೆಂಗಳೂರಿನವನು, ಚುರುಕು ಮನುಷ್ಯ. "ಗ್ರೂಪಲ್ಲಿ ಹೋಗೋವಾಗ ಏರೋಬಾರ್ ಮುಟ್ಟಂಗಿಲ್ಲ. ಕೈ ಬ್ರೇಕ್ ಮೇಲೇ ಇರ್ಬೇಕು. ಅರ್ಥ ಆಯ್ತಾ?" ಎಲ್ಲರೂ ತಲೆಯಾಡಿಸಿದೆವು. ಸುಧೀಂದ್ರನೂ ಆಡಿಸಿದ.

ಶುಕ್ರವಾರ ಬೆಳಿಗ್ಗೆ ಕೊಳದ ನೀರಿನ ಮೇಲೆ ಮಂಜು ಆಡುತ್ತಿತ್ತು. ಇಳಿದೊಡನೆ ಉಸಿರು ಹಿಡಿದುಕೊಂಡಿತು. ವಿವೇಕ್ ದಡದಲ್ಲಿ ನನ್ನ ಜೊತೆಗೇ ನಡೆಯುತ್ತ, "ಮೇಡಂ, ನೀವು ನೀರನ್ನ ಕೆಳಕ್ಕೆ ಒತ್ತುತಿದೀರ. ಹಿಡಿದು ಹಿಂದಕ್ಕೆ ತಳ್ಳಿ," ಎಂದ. ಮೊಣಕೈಯನ್ನು ಒಂದಿಷ್ಟು ಮೇಲಕ್ಕೆ ಇಟ್ಟದ್ದಷ್ಟೆ, ಮೈ ಹಗುರವಾಯಿತು. ಮೂರು ವರ್ಷ ಕೈಗೆ ಸಿಗದ್ದು ಒಂದೇ ಬೆಳಿಗ್ಗೆ ಸಿಕ್ಕಿತು. ಅದನ್ನು ಮುಚ್ಚಿಡುವುದಿಲ್ಲ, ಅವನಿಗೆ ತನ್ನ ಕೆಲಸ ಗೊತ್ತಿತ್ತು.

ಸಂಜೆ ಮಾಗಡಿ ರಸ್ತೆಯಲ್ಲಿ ಓಟ. ಟೀ ಅಂಗಡಿಯ ಮುಂದೆ ಕುಳಿತಿದ್ದವನೊಬ್ಬ, "ಏನ್ ಮೇಡಂ, ಯಾರ್ ಅಟ್ಟಿಸ್ಕಂಡ್ ಬತ್ತಾವ್ರೆ?" ಎಂದು ಕೂಗಿದ. ಪಕ್ಕದವನು, "ಸುಮ್ನಿರ್ಲಾ, ಹಿಂದ್ಗಡೆ ಯಾರೂ ಇಲ್ಲ. ಶೋಕಿಗೆ ಓಡ್ತಾವ್ರೆ," ಎಂದ. ನಗುತ್ತಲೇ ಓಡಿದೆವು. ರಾತ್ರಿ ಮುದ್ದೆ, ಬಸ್ಸಾರು. ಸುಧೀಂದ್ರ ಎರಡು ಮುದ್ದೆ ಉಂಡ.

ಶನಿವಾರ ದೂರದ ಸವಾರಿ. ರಾಮನಗರದಿಂದ ಚನ್ನಪಟ್ಟಣ, ಹೊಂಗನೂರು, ಸಾತನೂರು, ಕನಕಪುರ ಸುತ್ತಿ ಮತ್ತೆ ರಾಮನಗರ. ಎಂಬತ್ತು ಕಿಲೋಮೀಟರಿನ ಆಸುಪಾಸು. ಕೋಚ್ ವ್ಯಾನಿನಲ್ಲಿ ಮುಂದೆ. ಅದರ ಹಿಂದೆ ಒಬ್ಬರ ಬೆನ್ನಿಗೊಬ್ಬರಂತೆ ಹತ್ತು ಸವಾರರು, ಅವರ ಹಿಂದೆ ಸುಧೀಂದ್ರ, ಕಡೆಯಲ್ಲಿ ನಾನು. ಚನ್ನಪಟ್ಟಣ ದಾಟುವ ಹೊತ್ತಿಗೆ ಮಂಜು ಪೂರ್ತಿ ಕರಗಿ ಬಿಸಿಲು ಬಿದ್ದಿತ್ತು.

ಹೊಂಗನೂರಿಗೆ ಇನ್ನೊಂದು ಮೈಲಿ ಇರುವಾಗ ರಸ್ತೆಯ ಎಡ ಅರ್ಧಕ್ಕೆ ರಾಗಿ ಹಾಸಿದ್ದರು. ಈ ಕಡೆ ಸುಗ್ಗಿಯಲ್ಲಿ ಇದು ಮಾಮೂಲು. ಕಣ ಮಾಡುವ ಬದಲು ತೆನೆಯನ್ನು ಹುಲ್ಲಿನ ಸಮೇತ ಟಾರಿನ ಮೇಲೆ ಹರಡುತ್ತಾರೆ. ಬಸ್ಸು ಲಾರಿಗಳು ಹಾದಂತೆ ಕಾಳು ಉದುರುತ್ತದೆ. ಅದರ ನಡುವೆ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ, ಕವೆಗೋಲಿನಿಂದ ಹುಲ್ಲು ತಿರುವಿಹಾಕುತ್ತಿದ್ದರು.

ಮುಂದಿದ್ದವನು ಕೈಯೆತ್ತಿ ಸನ್ನೆ ಮಾಡಿ ಬಲಕ್ಕೆ ಸರಿದ. ಸಾಲು ಅವನ ಹಿಂದೆ ಬಲಕ್ಕೆ ಹೊರಳಿತು. ಸುಧೀಂದ್ರ ಹೊರಳಲಿಲ್ಲ. ಅವನ ತಲೆ ಕೆಳಗಿತ್ತು. ವೇಗದ ಮೀಟರು ನೋಡುತ್ತಿದ್ದನೆಂದು ಕಾಣುತ್ತದೆ. ಕೈಗಳೆರಡೂ ಸಲಾಕೆಗಳ ತುದಿಯಲ್ಲಿದ್ದವು. "ಸುಧೀ!" ಎಂದು ಕೂಗಿದೆ. ಅವನು ತಲೆ ಎತ್ತಿದ. ಕೈ ಬ್ರೇಕಿಗೆ ಬರಲಿಲ್ಲ. ಚಕ್ರ ಹುಲ್ಲಿಗೆ ನುಗ್ಗಿ ಜಾರಿ, ಸೈಕಲ್ ಆಕೆಗೆ ಬಡಿದು ಇಬ್ಬರೂ ಬಿದ್ದರು. ಬಡಿಯುವವರೆಗೂ ಹೆಂಗಸು ತಿರುಗಿಯೂ ಇರಲಿಲ್ಲ, ನಿಂತ ಜಾಗದಿಂದ ಕಾಲೂ ಕಿತ್ತಿರಲಿಲ್ಲ. ಇದನ್ನು ನಾನು ನೋಡಿದೆ. ನೋಡಿದ್ದನ್ನಷ್ಟೇ ಬರೆಯುತ್ತಿದ್ದೇನೆ.

ಸುಧೀಂದ್ರ ಏಳುವುದಕ್ಕೂ ಮೊದಲು ಹೇಳಿದ ಮಾತು, "ಅವರೇ ಅಡ್ಡ ಬಂದ್ರು."

ಹೊಲದಿಂದ ಜನ ಓಡಿಬಂದರು. ಆಕೆಯ ಹೆಸರು ಚಿಕ್ಕತಾಯಮ್ಮ, ವಯಸ್ಸು ಅರವತ್ತರ ಹತ್ತಿರ. ಬಲಗೈಯ ಮಣಿಕಟ್ಟು ಸೊಟ್ಟಗಾಗಿತ್ತು. ಮಗ ಸಿದ್ದರಾಜು ಮೊದಲು ಬೈದದ್ದು ತಾಯಿಯನ್ನೇ. "ರೋಡ್ಗಿಳೀಬ್ಯಾಡ ಅಂತ ಎಷ್ಟ್ ಸಲ ಬಡ್ಕಳ್ಳವ್ವ ನಾನು? ಅಡ್ಡ ಓಗ್ಬುಟ್ಟೆಯಾ?"

"ನಾನೆಲ್ಲೋದ್ನಪ್ಪಾ... ಹುಲ್ ತಿರುವ್ತಿದ್ದೆ," ಎಂದರು ಆಕೆ.

ಮುದುಕರೊಬ್ಬರು ನನ್ನ ಕಡೆ ತಿರುಗಿ, "ನೀನ್ ಹಿಂದ್ಗಡೇನೇ ಇದ್ದಲ್ಲವ್ವ, ಏನಾಯ್ತು ಏಳು," ಎಂದರು. ಹೇಳಿದೆ. ಏರೋಬಾರ್ ಎಂದರೆ ಅವರಿಗೆ ತಿಳಿಯಲಿಲ್ಲ. ಬಿದ್ದ ಸೈಕಲ್ ಎತ್ತಿ, ಮೊಣಕೈ ಎಲ್ಲಿ ಊರುತ್ತಾರೆ, ಬ್ರೇಕು ಎಲ್ಲಿದೆ ಎಂದು ತೋರಿಸಿದೆ. ಮುದುಕರು ಕಣ್ಣರಳಿಸಿ, "ಅಂದ್ರೆ ಬಿರೇಕ್ ಬುಟ್ಟು ಮನಿಕ್ಕಂಡು ಓಡಿಸ್ತಾ ಇದ್ನಾ?" ಎಂದರು. ಯಾರೋ ಕಿಸಕ್ಕನೆ ನಕ್ಕರು. ಸಿದ್ದರಾಜು ತಾಯಿಯನ್ನು ಬೈಯುವುದು ನಿಲ್ಲಿಸಿದ.

ವ್ಯಾನು ಹಿಂತಿರುಗಿ ಬಂತು. ವಿವೇಕ್ ಇಳಿದು ಎಲ್ಲವನ್ನೂ ನೋಡಿದ. ಮುಂದೆ ನಿಂತಿದ್ದ ಹತ್ತು ಜನರಿಗೆ, "ನೀವು ಹೊರಡಿ, ಮೈ ತಣ್ಣಗಾಗುತ್ತೆ," ಎಂದ. ಅವರು ಹೊರಟರು. ಸುಧೀಂದ್ರ ತರಚಿದ ಮಂಡಿ ಹಿಡಿದು ವ್ಯಾನು ಹತ್ತಿದ. ಚಿಕ್ಕತಾಯಮ್ಮನನ್ನು ಸಿದ್ದರಾಜುವಿನ ಲಗೇಜ್ ಆಟೋದಲ್ಲಿ ಕೂರಿಸಿದೆವು. ಜೊತೆಗೆ ನಾನೂ ಹತ್ತಿದೆ, ನನ್ನ ಸೈಕಲ್ ಕಾಲ ಬಳಿ ಮಲಗಿತು. ಚನ್ನಪಟ್ಟಣದವರೆಗೂ ಆಕೆ ನೋವೆನ್ನಲಿಲ್ಲ. ಮನೆಯಲ್ಲಿ ರೇಷ್ಮೆಹುಳು ಸಾಕಿದ್ದರು. "ಉಳ ನಾಕ್ನೇ ಜ್ವರ ಎದ್ದವೆ ಕಣವ್ವ. ಈಗ ಅಗ್ಲೂ ರಾತ್ರಿ ಮೇಯ್ತವೆ. ಸೊಪ್ಪು ಯಾರ್ ಕುಯ್ತಾರೆ?" ಎಂಬುದೊಂದೇ ಮಾತು. ಜ್ವರವೆಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು, ನಾಲ್ಕನೆಯದೇ ಕಡೆಯದು. ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ, ಮೂಳೆ ಮುರಿದಿದೆ ಎಂದು ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು.

ಸಂಜೆ ಶಿಬಿರಕ್ಕೆ ಮರಳಿದಾಗ ಹುಲ್ಲಿನ ಮೇಲೆ ಚಪ್ಪಾಳೆ ನಡೆದಿತ್ತು. ಹತ್ತು ಜನವೂ ಕನಕಪುರ ಸುತ್ತಿ ಬಂದಿದ್ದರು. ವಿವೇಕ್ ಅವರ ವೇಗವನ್ನು ಹೊಗಳಿ, ನಂತರ ದನಿ ತಗ್ಗಿಸಿ, "ಬೆಳಗಿನ ವಿಷಯ ಯಾರಾದ್ರೂ ಕೇಳಿದ್ರೆ ಎಲ್ಲರೂ ಒಂದೇ ಮಾತು ಹೇಳೋಣ. ಆಯಮ್ಮ ಸಡನ್ನಾಗಿ ಅಡ್ಡ ಬಂದ್ರು," ಎಂದ.

"ನೀವೆಲ್ಲ ಮುಂದಿದ್ರಿ. ನಿಮ್ಮ ಬೆನ್ನಲ್ಲಿ ಕಣ್ಣಿತ್ತಾ?" ಎಂದೆ. ಒಬ್ಬ ಬಾಳೆಹಣ್ಣು ಸುಲಿಯುತ್ತಿದ್ದ.

ಆಮೇಲೆ ಸುಧೀಂದ್ರ ಕುಂಟುತ್ತ ಹತ್ತಿರ ಬಂದ. "ಮೂರು ವರ್ಷ ಜೊತೆಗಿದೀವಿ. ನನ್ನ ಪರ ಒಂದು ಮಾತು ಕಷ್ಟ ಆಯ್ತಾ?"

"ನಿನ್ನ ಕೈ ಎಲ್ಲಿತ್ತು ಸುಧಿ?"

"ನೆನಪಿಲ್ಲ."

"ನನಗಿದೆ."

"ಹಾಗಾದ್ರೆ ನಾಳೆ ಬಸ್ಸಲ್ಲಿ ಬಾ," ಎಂದು ಹೋದ.

ಭಾನುವಾರ ಬೆಳಿಗ್ಗೆ ಉಳಿದವರು ಕೊಳಕ್ಕಿಳಿಯುವಾಗ ನಾನು ಚೀಲ ಬೆನ್ನಿಗೇರಿಸಿ ಹೊಂಗನೂರಿಗೆ ಸೈಕಲ್ ತುಳಿದೆ. ಚಿಕ್ಕತಾಯಮ್ಮ ಜಗಲಿಯಲ್ಲಿ ಕುಳಿತು, ಎಡಗೈಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಎಲೆ ಕೀಳುತ್ತಿದ್ದರು. ಒಳಗೆ ಹುಳು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಸಿದ್ದರಾಜು ಕಾಫಿ ಕೊಡಿಸಿದ. ಮುಖ ಕೊಡಲಿಲ್ಲ.

"ನಿಮ್ ಕೋಚ್ ಸಾರು ಫೋನ್ ಮಾಡಿದ್ರು," ಎಂದ. "ಅವ್ವನೇ ಅಡ್ಡ ಬಂದಿದ್ದಂತೆ. ಹತ್ ಜನಾನೂ ನೋಡವ್ರಂತೆ. ನೀವೊಬ್ರೇ ಇಲ್ಲ ಅನ್ನೋದು."

"ಅವರು ಮುಂದಿದ್ದರು. ನೋಡೋಕೆ ಆಗಲ್ಲ."

"ಹತ್ ಜನ ಸುಳ್ ಏಳ್ತಾರಾ ಮೇಡಂ? ಓದಿರೋರು." ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದ.

ಚಿಕ್ಕತಾಯಮ್ಮ ಪ್ಲಾಸ್ಟರನ್ನು ನೋಡುತ್ತಿದ್ದರು. "ಹತ್ ಜನ ಅಂತಾವ್ರೆ ಅಂದ್ರೆ ಒಸಿ ಅಡ್ಡ ಬಂದಿದ್ರೂ ಬಂದಿರ್ಬೈದು," ಎಂದರು. "ಬೆನ್ ಮಾಡಿದ್ನಲ್ಲ, ನಂಗೇನ್ ಗೊತ್ತು?"

"ಇಲ್ಲಮ್ಮ. ನೀವು ನಿಂತಲ್ಲೇ ನಿಂತಿದ್ರಿ. ನಾನು ಕಣ್ಣಾರೆ ನೋಡಿದೆ."

ಆಕೆ ಎಡಗೈಯಿಂದ ನನ್ನ ಕೆನ್ನೆ ಸವರಿದರು. "ನೀನ್ ಒಳ್ಳೇವ್ಳು ಕಣವ್ವ," ಎಂದರು. ಬಿದ್ದು ಅಳುವ ಮಗುವಿನ ಸಮಾಧಾನಕ್ಕೆ ನೆಲವನ್ನು ಹೊಡೆದು ತೋರಿಸುವವರಿಗೆ ಹೇಳುವ ಹಾಗಿತ್ತು ಆ ಮಾತು. ಮತ್ತೊಮ್ಮೆ ಹೇಳಿದೆ. ಆಕೆ ನಕ್ಕರು.

ಸೈಕಲ್ ಹತ್ತುವ ಮನಸ್ಸಾಗದೆ ಚನ್ನಪಟ್ಟಣದ ಬಸ್ಸಿಗೆ ಕಾದೆ. ಕಂಡಕ್ಟರು ಸೈಕಲ್ಲನ್ನು ಹಿಂದಿನ ಬಾಗಿಲಿನಿಂದ ಎತ್ತಿಸಿ, "ಮೇಡಂ, ನೀವು ಹೆಂಗಸ್ರು, ಫ್ರೀ. ನಿಮ್ ಸೈಕಲ್ ಗಂಡ್ಸು, ಅದ್ಕೆ ಟಿಕೆಟ್ ಐತೆ," ಎಂದ. ಬಸ್ಸಿನಲ್ಲಿ ಎಲ್ಲರೂ ನಕ್ಕರು. ಇಪ್ಪತ್ತು ರೂಪಾಯಿ ಕೊಟ್ಟು ಕಿಟಕಿಗೆ ಕುಳಿತೆ.

ಊರು ದಾಟಿ ಒಂದು ಮೈಲಿಗೆ ಅದೇ ಜಾಗ ಬಂತು. ಹುಲ್ಲು ಹಾಗೆಯೇ ಹಾಸಿತ್ತು. ಇವತ್ತು ತಿರುವಿಹಾಕುತ್ತಿದ್ದವಳು ಬೇರೊಬ್ಬಳು, ಅವಳೂ ಬಸ್ಸಿಗೆ ಬೆನ್ನು ಮಾಡಿದ್ದಳು. ಡ್ರೈವರು ಹಾರ್ನ್ ಮಾಡಲಿಲ್ಲ; ಗೇರು ಇಳಿಸಿದ. ಅವಳು ತಿರುಗಲಿಲ್ಲ, ನಿಂತಲ್ಲಿಂದ ಕದಲಲಿಲ್ಲ. ಬಸ್ಸು ರಾಗಿಯ ಅಂಚಿನ ಮೇಲೆ ನಿಧಾನವಾಗಿ ಹಾದು, ಅವಳ ಪಕ್ಕದಿಂದ ಹೋಯಿತು.